ಮಳೆಗಾಲ ಕಳೆದ ಮೇಲೆ ಡೀಸೆಲ್ ಪಂಪು

ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಪಂಪುಗಳನ್ನು ರಿಪೇರಿ ಮಾಡುವ ಕಲಬುರಗಿಯ ಅಂಗಡಿಗಳಿಗೆ ದಸರೆಯಿಂದ ದೀಪಾವಳಿವರೆಗಿನ ದಿನಗಳೇ ಸುಗ್ಗಿಯಾಗಿದ್ದವು. ಮಳೆಗಾಲದಲ್ಲಿ ಶಹಾಬಾದ್ ಕಲ್ಲಿನ ಖಣಿಗಳಲ್ಲಿ ನೀರು ನಿಲ್ಲುತ್ತದೆ, ಎರೆಹೊಲದ ದಾರಿಯಲ್ಲಿ ಗಾಲಿ ಹೂತುಹೋಗುತ್ತದೆ. ಬಾಡಿಗೆ ಸಿಗದ ಲಾರಿ, ಟ್ರ್ಯಾಕ್ಟರುಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತಿದ್ದವು. ಹಿಮ ಬೀಳುವ ದೇಶಗಳಲ್ಲಿ ಹಳೆಯ ಕಾರುಗಳನ್ನು ಚಳಿಗಾಲವೆಲ್ಲ ಮುಚ್ಚಿಡುತ್ತಾರೆ. ನಮ್ಮಲ್ಲಿ ಗಾಡಿ ನಿಲ್ಲಿಸಿದ್ದು ಮಳೆ. ಅರೆಬರೆ ತುಂಬಿದ ಟಾಕಿಯೊಳಗೆ ಗಾಳಿಯ ತೇವ ರಾತ್ರಿ ಹನಿಗಟ್ಟುತ್ತದೆ; ಡೀಸೆಲ್‌ಗಿಂತ ಭಾರವಾದ ನೀರು ತಳ ಸೇರುತ್ತದೆ. ಗಾಡಿ ಮತ್ತೆ ಹೊರಡುವ ದಿನ ಆ ನೀರೇ ಮೊದಲು ಪಂಪಿನ ದಾರಿ ಹಿಡಿಯುತ್ತದೆ.

ನಮ್ಮ ಪಂಪು ರಿಪೇರಿ ಕಸುಬಿಗೆ ಎರಡು ತವರು: ಒಂದು ಹೈದರಾಬಾದ್, ಮತ್ತೊಂದು ಬೆಂಗಳೂರು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1932ರಲ್ಲಿ ರೈಲ್ವೆಯವರೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರು ಮಾಡಿದರು. ಅದಕ್ಕೂ ಐದು ವರ್ಷ ಮೊದಲು, 1927ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬಾಷ್ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತ್ತು. ಬಾಷ್ ಪಂಪುಗಳನ್ನು ಇಲ್ಲಿ ತಯಾರಿಸಿದ ಬೆಂಗಳೂರಿನ ಮೈಕೋ ಕಂಪನಿ ಹುಟ್ಟಿದ್ದು 1951ರಲ್ಲಿ; ಜಮ್ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಲಾರಿಗಳು ಹೊರಟದ್ದು 1954ರಲ್ಲಿ. 1956ರ ನವೆಂಬರ್ 1ರಂದು ಕಲಬುರಗಿ, ಆಗಿನ ಗುಲ್ಬರ್ಗಾ ಜಿಲ್ಲೆ, ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಪಂಪು, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬೆಂಗಳೂರಿನಿಂದ ಬಂದವು. ಕೆಲಸದ ಮಾತು ಹೈದರಾಬಾದಿನ ದಖನಿ ಉರ್ದುವಿನಲ್ಲೇ ಉಳಿಯಿತು. ಕಲಿಸುವವರು ಯಾವ ಜಾತಿಯವರೇ ಇರಲಿ, ನಮಗೆ ಅವರು ಉಸ್ತಾದರು.

ನನ್ನ ಉಸ್ತಾದರ ಅಂಗಡಿ ಹುಮನಾಬಾದ್ ರಸ್ತೆಯಲ್ಲಿತ್ತು. ನಿಂತ ಗಾಡಿ ಬಂದರೆ ಅವರು ಹೇಳುತ್ತಿದ್ದುದು ಒಂದೇ ಮಾತು: "ಪಂಪಿಗಿ ಕೈ ಹಚ್ಚಬ್ಯಾಡ. ಮೊದಲ ಟಾಕಿ ನೋಡು." ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರಿಗೂ ಅದರ ಬ್ಯಾರಲ್‌ಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅಲ್ಲಿಗೆ ಕೊಳೆ ಕೈ ಹೋಯಿತೆಂದರೆ ಇಲ್ಲದ ರೋಗ ಹುಟ್ಟುತ್ತದೆ. ಟಾಕಿಯ ತಳದ ಬೋಲ್ಟ್ ಬಿಚ್ಚಿ ನೀರು ಇಳಿಸಬೇಕು, ಫಿಲ್ಟರ್ ಹೊಸದು ಹಾಕಬೇಕು, ಪೈಪು ಜೋಡಿಸುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಶರ್ ಬದಲಿಸಬೇಕು. ಆಮೇಲೆ ಏರ್ ತೆಗೆಯುವುದು, ಅಂದರೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಹಾಕುವುದು. ಫೀಡ್ ಪಂಪಿನ ಗುಂಡಿ ಕೈಯಿಂದ ಒತ್ತುತ್ತಾ ಫಿಲ್ಟರಿನ ಸ್ಕ್ರೂ ಸಡಿಲಿಸಿದರೆ ಮೊದಲು ನೊರೆ ಬರುತ್ತದೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ನಂತರ ಪಂಪಿನ ಸ್ಕ್ರೂ, ಕಡೆಗೆ ನಾಝಲ್‌ಗಳ ಪೈಪಿನ ನಟ್ಟುಗಳು. ಎಷ್ಟೋ ಗಾಡಿಗಳು ಇಷ್ಟರಲ್ಲೇ ಎದ್ದುಬಿಡುತ್ತಿದ್ದವು.

ಆದರೆ ಸೆಲ್ಫ್ ಹೊಡೆಯುವ ಮುಂಚೆ ಉಸ್ತಾದರು ಮತ್ತೊಂದು ಕೆಲಸ ಬಿಡದೆ ಮಾಡುತ್ತಿದ್ದರು. ಮೈಕೋ ಪಂಪಿನ ಪಕ್ಕದ ಮುಚ್ಚಳ ತೆಗೆದು, ಡೀಸೆಲ್ ಅಳತೆ ಹೆಚ್ಚುಕಡಿಮೆ ಮಾಡುವ ಕಂಟ್ರೋಲ್ ರಾಡನ್ನು ಬೆರಳಿನಿಂದ ಹಿಂದೆ ಮುಂದೆ ಸರಿಸಿ ನೋಡುವರು. ಎಂಜಿನ್ ನಿಂತಿರುವಾಗ, ವೇಗ ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗ್ ಆ ರಾಡನ್ನು ತುಂಬು ಡೀಸೆಲ್ ಕೊಡುವ ಕಡೆಗೆ ತಳ್ಳಿಟ್ಟಿರುತ್ತದೆ. ಮಳೆಗಾಲದ ತುಕ್ಕಿಗೆ ಅದು ಅಲ್ಲೇ ಅಂಟಿಕೊಂಡರೆ, ಶುರುವಾದ ಎಂಜಿನ್ ವೇಗ ಏರುತ್ತಲೇ ಹೋಗುತ್ತದೆ. ಚಾವಿ ತಿರುಗಿಸಿದರೂ, ಸ್ಟಾಪ್ ವೈರ್ ಎಳೆದರೂ ನಿಲ್ಲದು. ಆಗ ಏರ್ ಕ್ಲೀನರಿನ ಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಿಸಬೇಕು, ಇಲ್ಲವೇ ಡೀಸೆಲ್ ಪೈಪು ಬಿಚ್ಚಬೇಕು. ಅರ್ಧ ನಿಮಿಷದ ಆ ಬೆರಳ ಪರೀಕ್ಷೆಯೇ ನಮ್ಮ ಕಸುಬಿನ ಅತ್ಯುತ್ತಮ ಪಾಠ ಎಂದು ನಾನು ಇಂದಿಗೂ ನಂಬಿದ್ದೇನೆ. ನಾಝಲ್ ಟೆಸ್ಟಿನಲ್ಲಿ ತುಂತುರಿನ ಮುಂದೆ ಕೈ ಒಡ್ಡಬಾರದೆಂಬುದು ಎರಡನೆಯದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಅದೇ ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಸಿಗುವ ಕಮಲಾಪುರದಿಂದ ನಮ್ಮಲ್ಲಿಗೆ ಬರುತ್ತಿದ್ದುದು ಬೇರೆಯೇ ಬಗೆಯ ಗಾಡಿ. ಕೆಂಪು ಬಾಳೆಯ ಊರದು. ಅಲ್ಲಿನ ತೋಟದವರೊಬ್ಬರು 1489 ಸಿಸಿ ಎಂಜಿನ್ನಿನ ಡೀಸೆಲ್ ಅಂಬಾಸಡರನ್ನು ಮಗುವಿನಂತೆ ಜೋಪಾನ ಮಾಡಿದ್ದರು. ಅದರ ಪಂಪು ಸಿಎವಿ ಮಾದರಿಯ ರೋಟರಿ. ಮೈಕೋ ಸಾಲುಪಂಪಿನ ಕ್ಯಾಮಿಗೆ ಬೇರೆ ಆಯಿಲ್ ಇರುತ್ತದೆ. ರೋಟರಿಗೆ ಡೀಸೆಲ್ಲೇ ಆಯಿಲ್. ಹಾಗಾಗಿ ನೀರು ಹೊಕ್ಕರೆ ಅದಕ್ಕೆ ತಡೆಯುವ ಶಕ್ತಿ ಕಡಿಮೆ. ಮಳೆಗಾಲ ಕಳೆದು ಗಾಡಿ ತಂದಾಗ ಅವರು ಕೇಳುತ್ತಿದ್ದರು, "ಯಾಕ್ರಿ ಉಸ್ತಾದ್, ಪಂಪ್ ಹೋಯ್ತೇನ್ರಿ?" ನಾವು ಟಾಕಿಯಿಂದ ತೆಗೆದ ಡೀಸೆಲ್ ಗಾಜಿನ ಬಾಟಲಿಯಲ್ಲಿ ಹಿಡಿದು, ತಳದಲ್ಲಿ ಬೇರೆಯಾಗಿ ನಿಂತ ನೀರನ್ನು ತೋರಿಸುತ್ತಿದ್ದೆವು.

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಡೀಸೆಲ್ ಬಂತು. ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ. ಊರಿನ ಗಾಳಿಗೆ ಅದು ಒಳ್ಳೆಯದು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಗಂಧಕ ತೆಗೆಯುವಾಗ ಡೀಸೆಲ್ಲಿನ ಸಹಜ ಜಿಡ್ಡೂ ಕಡಿಮೆಯಾಗುತ್ತದೆ. ಅದನ್ನು ತುಂಬಲು ಬೇರೆ ಮಿಶ್ರಣ ಸೇರಿಸುತ್ತಾರೆ. ಹಳೆಯ ರಬ್ಬರ್ ಸೀಲುಗಳು ಹೊಸ ಡೀಸೆಲ್ಲಿಗೆ ಕುಗ್ಗಿ ಸೋರುವುದೂ ಉಂಟು. ಈಗಿನ ಕಾಮನ್ ರೇಲ್ ಗಾಡಿಗಳಲ್ಲಿ ಕಂಪ್ಯೂಟರ್ ಮೊದಲು ಮಾತಾಡುತ್ತದೆ. ಪೈಪಿನಲ್ಲಿ ಡೀಸೆಲ್ ಒತ್ತಡ ಬಹಳ ಹೆಚ್ಚು, ಹಾಗಾಗಿ ನಟ್ಟು ಸಡಿಲಿಸಿ ಏರ್ ತೆಗೆಯುವ ಹಳೆಯ ರೂಢಿ ಅಲ್ಲಿ ಅಪಾಯ.

ಹಳೆಯ ಡೀಸೆಲ್ ಗಾಡಿ ಇನ್ನೂ ಇಟ್ಟುಕೊಂಡವರು ರೋಹಿಣಿ ಮಳೆಗೆ ಮುಂಚೆಯೇ ಟಾಕಿ ಗಂಟಲುಮಟ ತುಂಬಿಸಿರಿ. ಗಾಳಿಗೆ ಜಾಗವಿಲ್ಲದಿದ್ದರೆ ಹನಿಗೂ ಜಾಗವಿಲ್ಲ. ನಡುನಡುವೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿರಿ. ನಿಂತಲ್ಲೇ ಎರಡು ನಿಮಿಷ ಚಾಲೂ ಮಾಡಿ ಬಂದ್ ಮಾಡಿದರೆ ಸೈಲೆನ್ಸರಿನಲ್ಲೂ ನೀರು ಸೇರುತ್ತದೆ.