ಶೆಲ್ಟನ್ ಗಡಿಯಾರ, ಮದ್ರಾಸ್ ರೇಖಾಂಶ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ಕೊಡೈಕೆನಾಲಿನ ಸೌರ ವೀಕ್ಷಣಾಲಯದಲ್ಲಿ ಆಳೆತ್ತರದ ಇಂಗ್ಲಿಷ್ ಗಡಿಯಾರವೊಂದಿದೆ. ಮಾಡಿದವನು ಲಂಡನ್ನಿನ ಜಾನ್ ಶೆಲ್ಟನ್ (1712–1777). ಕ್ಯಾಪ್ಟನ್ ಜೇಮ್ಸ್ ಕುಕ್ ಜೊತೆ ತಾಹಿತಿಗೆ ಹೋಗಿಬಂದ ಗಡಿಯಾರ ಇದೇ ಎಂದು ಹೇಳುವವರಿದ್ದಾರೆ. ಆ ಮಾತನ್ನು ತಿದ್ದುವುದು ಈ ಟಿಪ್ಪಣಿಯ ಮೊದಲ ಕೆಲಸ. ಎರಡನೆಯದು, ಮದ್ರಾಸಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಇದ್ದ ಈ ಗಡಿಯಾರಕ್ಕೂ ಹಳೆಯ ಕೋಲಾರ ಜಿಲ್ಲೆಯ, ಅಂದರೆ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ತಾಲ್ಲೂಕುಗಳ ನಮ್ಮ ಊರುಗಳಿಗೂ ಇರುವ ನಂಟನ್ನು ಗುರುತಿಸುವುದು.

ಶೆಲ್ಟನ್ ಹೆಸರು ಸಾಮಾನ್ಯ ಓದುಗರಿಗೆ ಅಪರಿಚಿತ. ಅವನು ಕೆಲಸ ಮಾಡಿದ್ದು ಜಾರ್ಜ್ ಗ್ರಹಾಮನಿಗಾಗಿ. ಗ್ರಹಾಂ ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನ ಅತಿ ದೊಡ್ಡ ಗಡಿಯಾರ ಕುಶಲಿ. 1751ರಲ್ಲಿ ಗ್ರಹಾಂ ತೀರಿಕೊಂಡ ಮೇಲೆ ಖಗೋಳ ವೀಕ್ಷಣೆಗೆ ಗಡಿಯಾರ ಬೇಕಾದವರು ಹುಡುಕಿಕೊಂಡು ಬರುತ್ತಿದ್ದುದು ಶೆಲ್ಟನ್ನನ ಬಳಿಗೆ. ಈ ಬಗೆಯ ಗಡಿಯಾರಕ್ಕೆ ರೆಗ್ಯುಲೇಟರ್ ಎಂದು ಹೆಸರು. ಶ್ರೀಮಂತರ ಹಜಾರದಲ್ಲಿ ನಿಲ್ಲುವ ಗಡಿಯಾರಗಳ ಹಾಗೆ ಇದು ಗಂಟೆ ಬಾರಿಸುವುದಿಲ್ಲ, ಚಂದ್ರನ ಚಿತ್ರ ತೋರಿಸುವುದಿಲ್ಲ. ಗಂಟೆ ಬಾರಿಸುವ ಗಾಲಿಗಳಿದ್ದರೆ ಅವು ಓಟಕ್ಕೆ ಅಡ್ಡಬರುತ್ತವೆ ಎಂಬ ಕಾರಣಕ್ಕೇ ಅವನ್ನು ಬಿಟ್ಟಿರುತ್ತಾರೆ.

ಒಳಗಿನ ಎರಡು ಸಂಗತಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು, ಗ್ರಹಾಂ 1715ರ ಸುಮಾರಿಗೆ ಬಳಕೆಗೆ ತಂದ ತಡೆಹಲ್ಲು, ಅಂದರೆ ಲೋಲಕದ ತೂಗಾಟಕ್ಕೆ ತಕ್ಕಂತೆ ಗಾಲಿಯನ್ನು ತಡೆದು ಒಂದೊಂದೇ ಹಲ್ಲು ಬಿಡುವ ಭಾಗ. ಹಳೆಯ ಸಾಮಾನ್ಯ ಲೋಲಕದ ಗಡಿಯಾರದ ಸೆಕೆಂಡು ಮುಳ್ಳನ್ನು ಗಮನಿಸಿ, ಪ್ರತಿ ಹೆಜ್ಜೆಯ ಕೊನೆಗೆ ಅದು ಚೂರು ಹಿಂದಕ್ಕೆ ನಡುಗುತ್ತದೆ. ಗ್ರಹಾಮನ ವಿಧಾನದಲ್ಲಿ ಮುಳ್ಳು ಮುಂದಿಟ್ಟ ಹೆಜ್ಜೆಯಲ್ಲೇ ಗಪ್ಪನೆ ನಿಲ್ಲುತ್ತದೆ, ಲೋಲಕದ ತೂಗಾಟಕ್ಕೆ ಗಾಲಿಗಳ ಕಾಟ ಕಡಿಮೆ. ಎರಡು, ಜಾನ್ ಹ್ಯಾರಿಸನ್ ರೂಪಿಸಿದ ಜಾಲರಿ ಲೋಲಕ. ಉಕ್ಕಿನ ಒಂದೇ ಸರಳಿದ್ದರೆ ಬಿಸಿಲಿಗೆ ಅದು ಹಿಗ್ಗಿ ಗಡಿಯಾರ ನಿಧಾನವಾಗುತ್ತದೆ: 10 ಡಿಗ್ರಿ ಸೆಲ್ಸಿಯಸ್ ಏರಿದರೆ ದಿನಕ್ಕೆ ಸುಮಾರು 5 ಸೆಕೆಂಡು. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹ್ಯಾರಿಸನ್ ಐದು ಉಕ್ಕಿನ, ನಾಲ್ಕು ಹಿತ್ತಾಳೆಯ ಸರಳುಗಳನ್ನು ಜಾಲರಿಯಂತೆ ಜೋಡಿಸಿದ. ಉಕ್ಕು ಲೋಲಕದ ತುದಿಯ ಗುಂಡನ್ನು ಎಷ್ಟು ಕೆಳಕ್ಕೆ ತಳ್ಳುತ್ತದೋ ಹಿತ್ತಾಳೆ ಅಷ್ಟೇ ಮೇಲಕ್ಕೆತ್ತುತ್ತದೆ. ಮದ್ರಾಸಿನ ಸೆಕೆಯಲ್ಲಿ ಇಂಥ ಲೋಲಕವಿಲ್ಲದೆ ಖಗೋಳದ ಕೆಲಸ ಸಾಗುತ್ತಿರಲಿಲ್ಲ.

ಈಗ ಕುಕ್ ವಿಚಾರ. 1761 ಮತ್ತು 1769ರಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಯಿತು. ಅದನ್ನು ನೋಡಿ ಸೂರ್ಯನ ದೂರ ಲೆಕ್ಕ ಹಾಕಲು ಲಂಡನ್ನಿನ ರಾಯಲ್ ಸೊಸೈಟಿ ದೂರದ ದ್ವೀಪಗಳಿಗೆ ವೀಕ್ಷಕರನ್ನು ಕಳಿಸಿತು. 1761ರಲ್ಲಿ ನೆವಿಲ್ ಮ್ಯಾಸ್ಕೆಲಿನ್ ಸೇಂಟ್ ಹೆಲೆನಾಕ್ಕೆ ಒಯ್ದದ್ದು ಶೆಲ್ಟನ್ ಗಡಿಯಾರ. 1769ರ ಜೂನ್ 3ರಂದು ಕುಕ್ ಮತ್ತು ಖಗೋಳಜ್ಞ ಚಾರ್ಲ್ಸ್ ಗ್ರೀನ್ ತಾಹಿತಿಯಲ್ಲಿ ಬಳಸಿದ್ದೂ ಶೆಲ್ಟನ್ ಗಡಿಯಾರವೇ. ಗುಡಾರದೊಳಗೆ ಮರದ ಚೌಕಟ್ಟು ಹೂತು ಅದಕ್ಕೆ ಗಡಿಯಾರ ಬಿಗಿದರು. ಯಾರಾದರೂ ತಗುಲಿ ಅಲುಗಿಸಿಯಾರು ಎಂದು ಒಂದಡಿ ಆಚೆಗೆ ಇನ್ನೊಂದು ಮರದ ಕಟಾಂಜನ ಕಟ್ಟಿದರು. ಅದೇ ಹೊತ್ತಿಗೆ ಪಾಂಡಿಚೇರಿಯಲ್ಲಿ ಫ್ರೆಂಚ್ ವಿದ್ವಾಂಸ ಲ ಜಾಂತಿ ಕಾದು ಕುಳಿತಿದ್ದ, ಅವನ ಪಾಲಿಗೆ ಸಿಕ್ಕಿದ್ದು ಮೋಡ ಮಾತ್ರ.

ಆ ಗಡಿಯಾರಗಳೆಲ್ಲ ರಾಯಲ್ ಸೊಸೈಟಿಯ ಸ್ವತ್ತು. ಡೆರೆಕ್ ಹೌಸ್ ಮತ್ತು ಬೆರೆಸ್‌ಫರ್ಡ್ ಹಚಿನ್ಸನ್ 1969ರಲ್ಲಿ ಪ್ರಕಟಿಸಿದ ಅಧ್ಯಯನ ಅವುಗಳ ಓಡಾಟದ ಜಾಡನ್ನು ಹಿಡಿದು ತೋರಿಸುತ್ತದೆ. ಮದ್ರಾಸಿನ ಸಾಮಾನು ಸರಂಜಾಮಿನ ಮೂಲ ಬೇರೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ಎಗ್ಮೋರಿನಲ್ಲಿ ಸ್ವಂತ ಖರ್ಚಿನಿಂದ ವೀಕ್ಷಣಾಲಯ ಕಟ್ಟಿಕೊಂಡಿದ್ದ. ದೂರದರ್ಶಕಗಳೂ ಸಂಯುಕ್ತ ಲೋಲಕದ ಎರಡು ಖಗೋಳ ಗಡಿಯಾರಗಳೂ ಅವನ ಬಳಿ ಇದ್ದವು. ಅವನ್ನು ಅವನು ಕಂಪನಿಗೆ ಕೊಟ್ಟ. 1792ರಲ್ಲಿ ನುಂಗಂಬಾಕ್ಕಂನಲ್ಲಿ ಮೈಕೆಲ್ ಟಾಪಿಂಗ್ ಮದ್ರಾಸ್ ವೀಕ್ಷಣಾಲಯವನ್ನು ನಿಲ್ಲಿಸಿದ್ದು ಈ ಸಲಕರಣೆಗಳ ಬಲದ ಮೇಲೆ. ಶೆಲ್ಟನ್ ಸತ್ತದ್ದು 1777ರಲ್ಲಿ. ಹಾಗಾಗಿ ಕೊಡೈಕೆನಾಲಿನ ಗಡಿಯಾರ ಪೆಟ್ರಿಯ ವೀಕ್ಷಣಾಲಯಕ್ಕಿಂತ ಕನಿಷ್ಠ ಒಂಬತ್ತು ವರ್ಷ ಹಿರಿಯದು. ಕುಕ್ ಒಯ್ದದ್ದೂ ಇದೂ ಒಬ್ಬನೇ ಕುಶಲಿಯ ಕೈಯಲ್ಲಿ ಆದ ಒಂದೇ ಮಾದರಿಯವು ಎನ್ನಬಹುದು. ಒಂದೇ ಗಡಿಯಾರ ಎನ್ನಲು ಆಧಾರವಿಲ್ಲ.

ಲಂಡನ್ನಿನಲ್ಲಿ ಸರಿಹೊಂದಿಸಿದ ಲೋಲಕವನ್ನು ಮುಟ್ಟದೆ ಮದ್ರಾಸಿನಲ್ಲಿ ತೂಗುಬಿಟ್ಟರೆ ಅದು ದಿನಕ್ಕೆ ಸುಮಾರು ಎರಡು ನಿಮಿಷ ಹಿಂದೆ ಬೀಳುತ್ತದೆ. ಕಾರಣ ಸೆಕೆಯಲ್ಲ, ಗುರುತ್ವ. ಭೂಮಧ್ಯರೇಖೆಯ ಕಡೆಗೆ ಬಂದಷ್ಟೂ ಗುರುತ್ವ ಕಡಿಮೆ. ಸೆಕೆಂಡಿಗೊಮ್ಮೆ ತೂಗುವ ಲೋಲಕದ ಉದ್ದ ಲಂಡನ್ನಿನಲ್ಲಿ 39.14 ಇಂಚು, ಮದ್ರಾಸಿನಲ್ಲಿ ವೀಕ್ಷಣಾಲಯದ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಂ ಅಳೆದಂತೆ 39.03 ಇಂಚು. ಎರಡು ಸಾವಿರ ಮೀಟರಿಗೂ ಎತ್ತರದ ಕೊಡೈಕೆನಾಲಿಗೆ ಏರಿದರೆ ದಿನಕ್ಕೆ ಇನ್ನೂ 20 ಸೆಕೆಂಡಿಗೂ ಹೆಚ್ಚು ನಿಧಾನ. ಗುಂಡಿನ ಕೆಳಗಿನ ತಿರುಪು ಇರುವುದೇ ಇದಕ್ಕೆ, ತಿರುಗಿಸಿ ಗುಂಡನ್ನು ಚೂರು ಮೇಲೆತ್ತಿದರಾಯಿತು. ಆಮೇಲೂ ಉಳಿಯುವ ಒಂದೆರಡು ಸೆಕೆಂಡಿನ ಹೆಚ್ಚುಕಡಿಮೆಯನ್ನು ಖಗೋಳಜ್ಞರು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಗಡಿಯಾರ ತಪ್ಪು ತೋರಿಸಬಹುದು, ಆದರೆ ದಿನವೂ ಅಷ್ಟೇ ತಪ್ಪು ತೋರಿಸಬೇಕು. ಆ ತಪ್ಪಿನ ದರವನ್ನು ನಕ್ಷತ್ರ ನೋಡಿ ಬರೆದಿಟ್ಟುಕೊಂಡರೆ ಲೆಕ್ಕದಲ್ಲಿ ಕಳೆಯಬಹುದು.

ನೋಡುವ ಕ್ರಮ ಹೀಗೆ. ಉತ್ತರ ದಕ್ಷಿಣವಾಗಿ ಮಾತ್ರ ತಿರುಗುವ ದೂರದರ್ಶಕದ ನೋಟದಲ್ಲಿ ನೂಲಿನಂಥ ಗೆರೆಗಳಿರುತ್ತವೆ. ವೀಕ್ಷಕ ಮೊದಲು ಗಡಿಯಾರದ ಮುಖ ನೋಡಿ ಸೆಕೆಂಡನ್ನು ಮನಸ್ಸಿಗೆ ತಂದುಕೊಳ್ಳುತ್ತಾನೆ, ಆಮೇಲೆ ಕಣ್ಣನ್ನು ದೂರದರ್ಶಕಕ್ಕೆ ಹಚ್ಚಿ, ಕಿವಿಯಿಂದ ಟಿಕ್ ಟಿಕ್ ಎಣಿಸುತ್ತಾ ಕೂರುತ್ತಾನೆ. ನಕ್ಷತ್ರ ಗೆರೆ ದಾಟಿದ್ದು ಯಾವ ಎರಡು ಸದ್ದಿನ ನಡುವೆ, ಎಷ್ಟನೆಯ ಹತ್ತನೇ ಪಾಲಿಗೆ ಎಂದು ಅಂದಾಜಿಸಿ ಬರೆಯುತ್ತಾನೆ. ಮುಳ್ಳು ಗಪ್ಪನೆ ನಿಲ್ಲುವುದರ ಬೆಲೆ ತಿಳಿಯುವುದು ಇಲ್ಲಿ: ಸದ್ದು ಸ್ಪಷ್ಟ, ಎಣಿಕೆ ಸಲೀಸು. ಒಬ್ಬನ ಕಿವಿ ಇನ್ನೊಬ್ಬನ ಕಿವಿಯಂತಲ್ಲ ಎಂಬುದೂ ಈ ಕೆಲಸದಲ್ಲೇ ಹೊರಬಿತ್ತು. 1796ರಲ್ಲಿ ಗ್ರೀನಿಚ್‌ನ ವೀಕ್ಷಣಾಲಯದಲ್ಲಿ ಮ್ಯಾಸ್ಕೆಲಿನ್ ತನ್ನ ಸಹಾಯಕನೊಬ್ಬನನ್ನು ಕೆಲಸದಿಂದ ತೆಗೆದದ್ದು ಅವನ ಎಣಿಕೆ ತನ್ನದಕ್ಕಿಂತ ಸೆಕೆಂಡಿನ ಹತ್ತರಲ್ಲಿ ಎಂಟು ಪಾಲಿನಷ್ಟು ಹಿಂದಿದೆ ಎಂಬ ಕಾರಣಕ್ಕೆ.

ಇಷ್ಟೆಲ್ಲ ತಲೆನೋವು ಯಾಕೆ? ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಆದ್ದರಿಂದ ಕಾಲದ ತಪ್ಪು ನೇರವಾಗಿ ಪೂರ್ವ ಪಶ್ಚಿಮದ ತಪ್ಪಾಗುತ್ತದೆ. ನಮ್ಮ ತಾಲ್ಲೂಕುಗಳ ಅಕ್ಷಾಂಶದಲ್ಲಿ ಒಂದು ಸೆಕೆಂಡು ಎಂದರೆ ನೆಲದ ಮೇಲೆ ಸುಮಾರು 450 ಮೀಟರ್. ಚಿಂತಾಮಣಿಯ ನೆತ್ತಿಗೆ ಸೂರ್ಯ ಬಂದ ಎರಡು ನಿಮಿಷಕ್ಕೆ ಗೌರಿಬಿದನೂರಿನ ನೆತ್ತಿಗೆ ಬರುತ್ತಾನೆ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಸರದಿ ನಡುವೆ. ಪಂಚಾಂಗದವರು ದೇಶಾಂತರ ಸಂಸ್ಕಾರವೆಂದು ಮಾಡುವ ಲೆಕ್ಕವೂ ಇದೇ.

ಈ ರೇಖಾಂಶದ ಲೆಕ್ಕಕ್ಕೂ ನಮ್ಮ ಸೀಮೆಗೂ ಕೊಂಡಿಯಾದವನು ಜಾನ್ ವಾರನ್. ಫ್ರೆಂಚ್ ಕುಲೀನ ಮನೆತನದವನಾಗಿ 1769ರಲ್ಲಿ ಇಟಲಿಯ ಲಿವೋರ್ನೋದಲ್ಲಿ ಹುಟ್ಟಿ, ಇಂಗ್ಲಿಷರ 33ನೆಯ ಪದಾತಿ ದಳ ಸೇರಿದವನು. ಟಿಪ್ಪುವಿನ ಪತನದ ನಂತರ ಮೈಸೂರು ಮೋಜಣಿಗೆ ಬಂದ. 1802ರಲ್ಲಿ ರಾಜ್ಯದ ಪೂರ್ವ ಗಡಿ ಗುರುತಿಸುವಾಗ ಊರಿಗಾಂ, ಮಾರಿಕುಪ್ಪಂ ಕಡೆ ಚಿನ್ನದ ಸುದ್ದಿ ಕೇಳಿ, ತೋರಿಸಿದವರಿಗೆ ಇನಾಮು ಸಾರಿ, ಹಳ್ಳಿಗರು ತಂದ ಮಣ್ಣನ್ನು ತೊಳೆಸಿ ನೋಡಿದವನು ಇವನೇ. ಕೋಲಾರದ ಚಿನ್ನದ ಚರಿತ್ರೆ ಬರೆಯುವವರೆಲ್ಲ ಅವನನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. 1804ರಲ್ಲಿ, ತ್ರಿಕೋನ ಮೋಜಣಿ ನಡೆಸುತ್ತಿದ್ದ ವಿಲಿಯಂ ಲ್ಯಾಂಬ್ಟನ್ನನ ಸಹಾಯಕನಾಗಿ ಅವನು ಬೆಂಗಳೂರಿನ ಬಳಿ ಆ ಮೋಜಣಿಯ ತಳರೇಖೆ ಅಳೆದ. 1805ರಲ್ಲಿ ಗೋಲ್ಡಿಂಗ್‌ಹ್ಯಾಂ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಮದ್ರಾಸ್ ವೀಕ್ಷಣಾಲಯದ ಹೊಣೆ ಅವನ ಕೈಗೆ ಬಂತು, ಗಡಿಯಾರದ ಹೊಣೆಯೂ ಜೊತೆಗೆ. ಕೋಲಾರ ಸೀಮೆಯ ನೆಲ ತಿರುಗಿದವನೇ ಆ ಸೀಮೆಯ ರೇಖಾಂಶ ನಿರ್ಧರಿಸುವ ಮೇಜಿನ ಮುಂದೆ ಕುಳಿತ.

ನಿರ್ಧರಿಸುವ ಎಂದೆ, ಅದಕ್ಕೆ ಕಾರಣವಿದೆ. ಲ್ಯಾಂಬ್ಟನ್ 1802ರ ಏಪ್ರಿಲಿನಲ್ಲಿ ಸೇಂಟ್ ಥಾಮಸ್ ಮೌಂಟಿನಲ್ಲಿ ಆರಂಭಿಸಿದ ತ್ರಿಕೋನ ಮೋಜಣಿ ಬೆಂಗಳೂರಿನ ಮೇಲೆ ಹಾದು ಪಶ್ಚಿಮ ಕರಾವಳಿ ಮುಟ್ಟಿತು. ಪರ್ಯಾಯ ದ್ವೀಪದ ಅಗಲ ಹಳೆಯ ನಕ್ಷೆಗಳಲ್ಲಿ ಇದ್ದುದಕ್ಕಿಂತ 40 ಮೈಲಿ ಕಡಿಮೆ ಎಂದು ಗೊತ್ತಾದದ್ದು ಆಗ. ಊರಿಂದೂರಿಗೆ ದೂರ, ದಿಕ್ಕು ತ್ರಿಕೋನಗಳಿಂದ ಸಿಗುತ್ತವೆ. ಆದರೆ ಇಡೀ ಜಾಲವನ್ನು ಗ್ರೀನಿಚ್ಚಿಗೆ ಗಂಟು ಹಾಕುವ ಗೂಟ ಒಂದೇ, ಮದ್ರಾಸ್ ವೀಕ್ಷಣಾಲಯ. ವಾರನ್ ಅದರ ರೇಖಾಂಶವನ್ನು 80 ಡಿಗ್ರಿ 17 ಕಲೆ 21 ವಿಕಲೆ ಎಂದು ಲೆಕ್ಕ ಹಾಕಿದ (ಕಾಲದ ನಿಮಿಷ ಸೆಕೆಂಡಿನೊಡನೆ ಗೊಂದಲವಾಗದಿರಲೆಂದು ಡಿಗ್ರಿಯ ನಿಮಿಷ ಸೆಕೆಂಡುಗಳನ್ನು ಇಲ್ಲಿ ಕಲೆ, ವಿಕಲೆ ಎಂದೇ ಬರೆಯುತ್ತೇನೆ). ಮೋಜಣಿ ಇಲಾಖೆ 1905ರವರೆಗೆ ಈ ಅಂಕಿಯನ್ನೇ ನೆಚ್ಚಿಕೊಂಡಿತ್ತು.

ಅಂಕಿ 2 ಕಲೆ 27 ವಿಕಲೆ ಹೆಚ್ಚಾಗಿತ್ತು. ಕಾಲದಲ್ಲಿ ಹತ್ತು ಸೆಕೆಂಡಿಗೆ ಕೊಂಚ ಕಡಿಮೆ, ನೆಲದ ಮೇಲೆ ಸುಮಾರು 4.4 ಕಿಲೋಮೀಟರ್. ತಪ್ಪು ಗಡಿಯಾರದ ತಲೆಗೆ ಕಟ್ಟುವಂತಿಲ್ಲ. ದೂರದ ಎರಡು ಊರುಗಳ ಸಮಯ ಹೋಲಿಸಲು ಆಗ ಇದ್ದ ಒಂದು ಮುಖ್ಯ ದಾರಿ ಗುರುಗ್ರಹದ ಉಪಗ್ರಹಗಳ ಗ್ರಹಣ. ಉಪಗ್ರಹ ನೆರಳಿಗೆ ಸರಿಯುವಾಗ ದೀಪ ಆರಿದಂತೆ ಆರುವುದಿಲ್ಲ, ಮಂಕಾಗುತ್ತಾ ಹೋಗುತ್ತದೆ. ಮಸೂರ ದೊಡ್ಡದಿದ್ದವನಿಗೆ ಹೆಚ್ಚು ಹೊತ್ತು ಕಾಣುತ್ತದೆ, ಚಿಕ್ಕದಿದ್ದವನಿಗೆ ಬೇಗ ಮರೆಯಾಗುತ್ತದೆ. ಶೆಲ್ಟನ್ ಗಡಿಯಾರ ಸೆಕೆಂಡಿನ ಹತ್ತನೇ ಪಾಲು ಕೇಳಿಸುವಷ್ಟು ಚೊಕ್ಕಟವಿದ್ದರೂ ನೋಡುವ ವಸ್ತುವೇ ಮಸುಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಟೆಲಿಗ್ರಾಫ್ ತಂತಿಯ ಮೂಲಕ ಗಡಿಯಾರಗಳನ್ನು ಹೋಲಿಸುವುದು ಸಾಧ್ಯವಾದ ಮೇಲೆಯೇ ಈ ತೊಡಕು ಬಿಡಿಸಿಕೊಂಡಿತು.

ವಾರನ್ನನ ಕಾಲಗಣನೆಯ ಆಸಕ್ತಿ ವೀಕ್ಷಣಾಲಯಕ್ಕೆ ಮುಗಿಯಲಿಲ್ಲ. 1825ರಲ್ಲಿ ಮದ್ರಾಸಿನಲ್ಲಿ ಪ್ರಕಟವಾದ ಅವನ ‘ಕಾಲ ಸಂಕಲಿತ’ ದಕ್ಷಿಣದ ಪಂಚಾಂಗ ಪದ್ಧತಿಗಳ ಮೇಲಿನ ಗ್ರಂಥ. ನೆಲದ ಮೇಲೆ ಕವಡೆ ಇಟ್ಟು, ಕೋಷ್ಟಕಗಳನ್ನೆಲ್ಲ ಬಾಯಿಪಾಠದಿಂದ ಹೇಳುತ್ತಾ ಪಾಂಡಿಚೇರಿಯ ಪಂಚಾಂಗದವರೊಬ್ಬರು ಆ ವರ್ಷದ ಚಂದ್ರಗ್ರಹಣವನ್ನು ಲೆಕ್ಕ ಹಾಕಿದ್ದನ್ನು ಅವನು ದಾಖಲಿಸಿದ್ದಾನೆ. ಆರಂಭದಲ್ಲಿ ಬಂದ ವ್ಯತ್ಯಾಸ ನಾಲ್ಕೇ ನಿಮಿಷ, ಮಧ್ಯದಲ್ಲಿ 23, ಕೊನೆಯಲ್ಲಿ 52. ನನ್ನ ಮಟ್ಟಿಗೆ ವಾರನ್ನನ ಮುಖ್ಯ ಕೊಡುಗೆ ಚಿನ್ನದ ವರದಿಯಲ್ಲ, ಈ ಪುಸ್ತಕ.

ಮದ್ರಾಸಿನ ಸಮಯ ನಮ್ಮ ಕಡೆಗೆ ರೈಲಿನೊಡನೆ ಬಂತು. ಹಿಂದೂಪುರದ ದಾರಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಗೌರಿಬಿದನೂರನ್ನು ಮುಟ್ಟಿದಾಗ ರೈಲ್ವೆಯವರು ಇಟ್ಟುಕೊಂಡಿದ್ದುದು ಮದ್ರಾಸ್ ಸಮಯ, ಊರಿನ ಸೂರ್ಯನಿಗಿಂತ 11 ನಿಮಿಷ ಮುಂದೆ. ಭಾರತದ ಏಕಮಾನ ಸಮಯ ಜಾರಿಯಾದದ್ದು 1906ರ ಜನವರಿ 1ರಂದು. ಅದು ಗೌರಿಬಿದನೂರಿನ ಸರಾಸರಿ ನಡುಹಗಲಿಗಿಂತ 20 ನಿಮಿಷ, ಚಿಂತಾಮಣಿಯದಕ್ಕಿಂತ 18 ನಿಮಿಷ ಮುಂದೆ. ಚಿಕ್ಕಬಳ್ಳಾಪುರಕ್ಕೆ 1915ರ ಸುಮಾರಿಗೆ ಪುಟ್ಟ ರೈಲು ಬರುವಷ್ಟರಲ್ಲಿ ಮದ್ರಾಸ್ ಸಮಯದ ಕಾಲ ಮುಗಿದಿತ್ತು. ವೀಕ್ಷಣಾಲಯ ಅಷ್ಟರೊಳಗೆ, 1899ರಲ್ಲಿ, ಕೊಡೈಕೆನಾಲಿಗೆ ಹೋಗಿತ್ತು.

ಆ ವೀಕ್ಷಣಾಲಯವೇ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ ಸ್ವಾಯತ್ತವಾಯಿತು, ಮುಂದೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಯೂರಿತು. ರಾಮನ್ ಸಂಶೋಧನಾ ಸಂಸ್ಥೆಯೊಡನೆ ಸೇರಿ ಅದು ಗೌರಿಬಿದನೂರಿನ ಬಳಿ 1976ರ ಸುಮಾರಿಗೆ ರೇಡಿಯೋ ದೂರದರ್ಶಕ ಕಟ್ಟಿತು. 34.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ 1000 ಆಂಟೆನಾಗಳನ್ನು ಇಂಗ್ಲಿಷ್ ಟಿ ಅಕ್ಷರದಂತೆ ಹರಡಿದ್ದರು: ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು 450 ಮೀಟರ್. ಶೆಲ್ಟನ್ ಗಡಿಯಾರ ಇಲ್ಲಿಗೆ ಬಂದದ್ದಲ್ಲ. ಆದರೆ ಕ್ರಮ ಮದ್ರಾಸಿನದೇ. ಆರಂಭದ ಸಮೀಕ್ಷೆಗಳಲ್ಲಿ ಆಂಟೆನಾದ ನೋಟವನ್ನು ಉತ್ತರ ದಕ್ಷಿಣವಾಗಿ ಬಾಗಿಸಿ, ಪೂರ್ವದಿಂದ ಪಶ್ಚಿಮಕ್ಕೆ ಆಕಾಶ ತಾನಾಗಿ ಹಾದುಹೋಗಲು ಬಿಡುತ್ತಿದ್ದರು. ಆಕಾಶದ ಆಕರವೊಂದು ನೋಟದ ಅಗಲವಾದ 26 ಕಲೆಯನ್ನು ದಾಟಲು ಸುಮಾರು ಒಂದೂಮುಕ್ಕಾಲು ನಿಮಿಷ ಹಿಡಿಯುತ್ತದೆ. ದಾಟಿದ ಹೊತ್ತನ್ನು ನಾಕ್ಷತ್ರ ಗಡಿಯಾರದಲ್ಲಿ (ನಕ್ಷತ್ರಗಳ ಓಟಕ್ಕೆ ಹೊಂದಿಸಿದ್ದರಲ್ಲಿ) ಓದಿದರೆ ಆಕಾಶದಲ್ಲಿ ಅದರ ಪೂರ್ವ ಪಶ್ಚಿಮ ಸ್ಥಾನ ಸಿಕ್ಕಿತು. ಹೀಗೆ ತಯಾರಾದ ನಕ್ಷೆ 1990ರಲ್ಲಿ ಪ್ರಕಟವಾಯಿತು.

ನಿಖರ ಸಮಯವನ್ನೇ ನೆಚ್ಚಿದ ಇನ್ನೊಂದು ಏರ್ಪಾಡಾಗಿ, ಅದೇ ತಾಲ್ಲೂಕಿನಲ್ಲಿ ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರ 1965ರಲ್ಲಿ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದೊಂದಿಗೆ ಹೂಡಿದ ಭೂಕಂಪ ಮಾಪಕಗಳ ಸಾಲಿದೆ. ಎಲ್ ಆಕಾರದಲ್ಲಿ 20 ಮಾಪಕಗಳು. ಅಲೆಯೊಂದು ಯಾವ ಮಾಪಕಕ್ಕೆ ಎಷ್ಟು ಮುಂಚೆ ತಟ್ಟಿತು ಎಂಬುದರಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಎಲ್ಲವೂ ಒಂದೇ ಸಮಯಕ್ಕೆ ಬದ್ಧವಾಗಿರದಿದ್ದರೆ ಇಡೀ ಸಾಲು ನಿರರ್ಥಕ.

ಕೊಡೈಕೆನಾಲಿನ ಗಡಿಯಾರದ ಬಗ್ಗೆ ಬರೆಯುವವರು ‘ಕುಕ್‌ನ ಗಡಿಯಾರ’ ಎನ್ನುವುದನ್ನು ಬಿಟ್ಟು ‘ಮದ್ರಾಸ್ ವೀಕ್ಷಣಾಲಯದ ಶೆಲ್ಟನ್ ಗಡಿಯಾರ’ ಎಂದು ಬರೆಯಬೇಕು, ಅದರ ನಿಜವಾದ ಹಿರಿಮೆ ಇರುವುದು ಆ ಹೆಸರಿನಲ್ಲಿ. ನಮ್ಮ ತಾಲ್ಲೂಕುಗಳ ಸ್ಥಳ ಚರಿತ್ರೆ ಬರೆಯುವ ಗೆಳೆಯರಿಗೂ ಒಂದು ಮಾತು: 1905ಕ್ಕಿಂತ ಹಿಂದಿನ ಮೋಜಣಿ ನಕ್ಷೆಗಳಿಂದ ಕೆರೆ, ಕೋಟೆ, ಶಾಸನದ ಕಲ್ಲುಗಳ ರೇಖಾಂಶವನ್ನು ಎತ್ತಿಕೊಳ್ಳುವಾಗ ಆ ನಕ್ಷೆ ಮದ್ರಾಸಿನ ಯಾವ ಅಂಕಿಯನ್ನು ಆಧರಿಸಿದೆ ಎಂದು ಅಂಚಿನ ಬರಹದಲ್ಲಿ ನೋಡಿಕೊಳ್ಳಿ. 80 ಡಿಗ್ರಿ 17 ಕಲೆ 21 ವಿಕಲೆ ಎಂದಿದ್ದರೆ 2 ಕಲೆ 27 ವಿಕಲೆ ಕಳೆಯಿರಿ.