ಕಾಂಚಿಯಿಂದ ಮಳಖೇಡಕ್ಕೆ: ಕವಿರಾಜಮಾರ್ಗ ಕಾಪಿನಾ?

ನವೆಂಬರ್ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಖಾಯಂ: ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಇತ್ತು, ಕವಿರಾಜಮಾರ್ಗ ನೋಡಿ ಅಂತ. ನಿಜ, ಇದೆ. ಆದರೆ ಮೂರು ಪರಿಚ್ಛೇದದ ಪುಸ್ತಕದಲ್ಲಿ ಅದು ಒಂದೇ ಪದ್ಯ. ಮಿಕ್ಕಿದ್ದು ಕಾವ್ಯ ಹೇಗೆ ಬರೀಬೇಕು, ಎಲ್ಲಿ ಕೆಡುತ್ತೆ ಅನ್ನೋ ವಿಮರ್ಶೆ.

ನನ್ನ ಚಿಕ್ಕಪ್ಪನ ಮಗಳು ಎಂ.ಎ. ಕೊನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಇದರ ಮೇಲೇ ಪ್ರಬಂಧ ಬರೆದಿದ್ದಳು. ಗೈಡು ಮಾರ್ಜಿನ್ನಲ್ಲಿ ಒಂದು ಪ್ರಶ್ನೆ ಬರೆದು ವಾಪಸ್ ಕೊಟ್ಟರು: ಇದರಲ್ಲಿ ಬಹಳಷ್ಟು ದಂಡಿಯದ್ದು, ಶ್ರೀವಿಜಯನದ್ದು ಏನು? ಮೂರು ವಾರ ಟೈಮು. ಆಗದಿದ್ದರೆ ಮುಂದಿನ ವರ್ಷ. ರಾಯಪುರಂನ ನಮ್ಮ ಮನೆಗೆ ಬಂದು ಕೂತವಳು, "ಅಣ್ಣಾ, ನಮಗೆ ಸಿಕ್ಕಿರೋ ಮೊದಲ ಪುಸ್ತಕವೇ ಕಾಪಿ ಅಂದ್ರೆ ನಾನೇನು ತಿದ್ದಲಿ?" ಅಂದಳು.

ದಂಡಿ ಅಂದರೆ ಸುಮಾರು ಕ್ರಿ.ಶ. 700ರ ಹೊತ್ತಿಗೆ ಪಲ್ಲವರ ಕಾಂಚಿಯಲ್ಲಿದ್ದವನು, 'ಕಾವ್ಯಾದರ್ಶ' ಬರೆದವನು. ನಮ್ಮನೆಯಿಂದ ಕಾಂಚೀಪುರ ಬಸ್ಸಲ್ಲಿ ಎರಡು-ಮೂರು ಗಂಟೆ ದಾರಿ. ಆ ಸಂಸ್ಕೃತ ಪುಸ್ತಕ ಸಿಂಹಳಕ್ಕೆ 'ಸಿಯಬಸ್‌ಲಕರ' ಆಗಿ ಹೋಯಿತು, ತಮಿಳಿಗೆ 'ದಂಡಿಯಲಂಕಾರಂ' ಆಗಿ ಬಂತು, ಟಿಬೆಟನ್ನಿಗೂ ಹೋಯಿತು. ಮಳಖೇಡದ ರಾಷ್ಟ್ರಕೂಟ ದೊರೆ ನೃಪತುಂಗನ (814–878) ಆಸ್ಥಾನದಲ್ಲಿ ಅದು ಕನ್ನಡವಾಯಿತು. ಎಲ್ಲರೂ ಮಾಡಿದ್ದು ಒಂದೇ ಕೆಲಸ. ನಮ್ಮ ಭಾಷೇಲಿ ಹೇಳೋದಾದ್ರೆ, ಕಾಂಚಿಯ ಕೋಡಿಗೆ ಫೋರ್ಕ್. ಹಾಗಾಗಿ 'ಕಾಪಿನಾ' ಅಂತ ಕೇಳೋದಕ್ಕಿಂತ ಎಲ್ಲಿ ಬದಲಾಯಿಸಿದ ಅಂತ ಕೇಳಿದರೆ ಹೆಚ್ಚು ಸಿಗುತ್ತೆ.

ಸರಿ, ಎರಡನ್ನೂ ಪಕ್ಕ ಪಕ್ಕ ಹಾಕಿ ಒಂದು ಟೇಬಲ್ ಮಾಡಿದ್ವಿ: ಹಾಗೇ ಬಂದದ್ದು, ತಿದ್ದಿದ್ದು, ಹೊಸದು. ಅಲಂಕಾರಗಳ ಮೂರನೇ ಪರಿಚ್ಛೇದದಲ್ಲಿ ದಂಡಿ ಜೋರಾಗಿಯೇ ಕಾಣ್ತಾನೆ, ಅದನ್ನ ಮುಚ್ಚಿಡೋದೇನೂ ಬೇಡ. ಮೊದಲೆರಡಕ್ಕೆ ಬಂದರೆ ಲೆಕ್ಕ ಬೇರೆ. ವೈದರ್ಭ, ಗೌಡ ಅಂತ ದಂಡಿ ಕರೆದ ಎರಡು ದಾರಿ ಇಲ್ಲಿ ದಕ್ಷಿಣ, ಉತ್ತರ ಆಗಿವೆ. ಬೆದಂಡೆ, ಚತ್ತಾಣ ಅನ್ನೋ ಕನ್ನಡದ್ದೇ ಕಾವ್ಯಪ್ರಕಾರಗಳು ಬರುತ್ತವೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ — ಈ ನಾಲ್ಕೂರ ನಡುವಿನದ್ದು ತಿರುಳ್ಗನ್ನಡ ಅಂತಾನೆ. ಇದನ್ನ ಕಾಂಚಿಯಲ್ಲಿ ಕೂತವನು ಹೇಳೋಕೆ ಆಗ್ತಿರಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ದೋಷದ ಭಾಗ. ತಪ್ಪಿರೋ ಒಂದು ಪದ್ಯ ಕೊಡ್ತಾನೆ, ಆಮೇಲೆ ಅದನ್ನೇ ತಿದ್ದಿ ತೋರಿಸ್ತಾನೆ. ಕೋಡ್ ರಿವ್ಯೂ ಮಾಡೋರೆಲ್ಲ ಇಷ್ಟು ತಾಳ್ಮೆ ಇಟ್ಟುಕೊಂಡಿದ್ದರೆ! ಸಂಸ್ಕೃತ ಪದಕ್ಕೆ ಕನ್ನಡ ಪದ ಸಿಕ್ಕಾಪಟ್ಟೆ ಅಂಟಿಸಿ ಸಮಾಸ ಮಾಡಿದರೆ ಕುದಿಯೋ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತಾನೆ. ಆ ಹೋಲಿಕೆ ಅಡುಗೆಮನೆಯಿಂದ ಬಂದದ್ದು, ಯಾವ ಶಾಸ್ತ್ರದಿಂದಲೂ ಅಲ್ಲ.

ಈ ಪುಸ್ತಕವನ್ನೂ ಜನ ತಿದ್ದುತ್ತಲೇ ಬಂದಿದ್ದಾರೆ. ಕೆ.ಬಿ. ಪಾಠಕರು 1898ರಲ್ಲಿ ಅಚ್ಚು ಹಾಕಿಸಿದಾಗ ನೃಪತುಂಗನೇ ಬರೆದದ್ದು ಅಂತ ಇತ್ತು. ಈಗ ಹೆಚ್ಚಿನವರು ಶ್ರೀವಿಜಯ ಬರೆದ, ದೊರೆ ಒಪ್ಪಿದ ಅಂತಾರೆ. 1930ರಲ್ಲಿ ಎ. ವೆಂಕಟರಾವ್, ಎಚ್. ಶೇಷ ಅಯ್ಯಂಗಾರ್ ಸಂಪಾದಿಸಿದ ಆವೃತ್ತಿಯನ್ನ ತಂದದ್ದು ಇದೇ ಊರಿನ ಮದರಾಸು ವಿಶ್ವವಿದ್ಯಾಲಯ. ಬಳ್ಳಾರಿ, ದಕ್ಷಿಣ ಕನ್ನಡ ಎಲ್ಲ ಆಗ ಮದರಾಸು ಪ್ರಾಂತ್ಯದಲ್ಲಿದ್ದವಲ್ಲ. ರಾಜ್ಯಗಳು ಬೇರೆಯಾದ ಮೇಲೂ, 1968ರಿಂದ 71ರ ನಡುವೆ, ಕಿಟ್ಟೆಲ್ ನಿಘಂಟನ್ನ ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದ ನಾಲ್ಕು ಸಂಪುಟಗಳು ಬಂದದ್ದೂ ಅಲ್ಲಿಂದಲೇ. ಚೆನ್ನೈನಲ್ಲಿ ಕನ್ನಡಕ್ಕೇನಿದೆ ಅನ್ನೋ ಸಹೋದ್ಯೋಗಿಗಳಿಗೆ ಇದನ್ನ ಹೇಳಿ.

ತಂಗಿ ಮೊದಲ ಎರಡು ಪುಟದ ಹೆಮ್ಮೆಯ ಮಾತನ್ನ ತೆಗೆದುಹಾಕಿದಳು. ಅವಳಿಗೆ ಸಂಕಟವಾಯಿತು, ಚೆನ್ನಾಗಿ ಬರೆದಿದ್ದ ಪುಟಗಳವು. ಆ ಜಾಗಕ್ಕೆ ಟೇಬಲ್ ಬಂತು, ಗೈಡಿನ ಪ್ರಶ್ನೆಯೇ ಪ್ರಬಂಧದ ಮೊದಲ ವಾಕ್ಯವಾಯಿತು. ವೈವಾ ಇನ್ನೂ ಆಗಬೇಕು.