ಪುತ್ತೂರಿನಲ್ಲಿ ಮಾರಿಯೋ ನಿಧಾನಕ್ಕೆ ಓಡುತ್ತಿದ್ದ

ಬಾಲ್ಯದಲ್ಲಿ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮುಗಳನ್ನು ಈಗ ಮೊಬೈಲಿನಲ್ಲೇ ಆಡಬಹುದು. ಹಾಗೆ ಆಡಿ ನೋಡಿದಾಗ ನನಗೂ ನನ್ನ ಓರಗೆಯ ಗೆಳೆಯರಿಗೂ ಅನಿಸಿದ್ದು ಒಂದೇ: ಇವನು ನಮ್ಮ ಮಾರಿಯೋ ಅಲ್ಲ, ಇವನಿಗೆ ಏನೋ ಅವಸರ. ನಮ್ಮ ಕೈ ನಿಧಾನವಾಗಿದೆ ಎಂದು ತಮಾಷೆ ಮಾಡಿಕೊಂಡೆವು. ಆದರೆ ಈ ಅನಿಸಿಕೆ ಬರೀ ಭ್ರಮೆಯಲ್ಲ. ಅದರ ಹಿಂದೆ ಒಂದು ಲೆಕ್ಕವಿದೆ.

ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಆಟದ ಎಲೆಗಳನ್ನು, ಅಂದರೆ ಒಂದು ಬಗೆಯ ಇಸ್ಪೀಟನ್ನು, ತಯಾರಿಸುತ್ತ ಆರಂಭವಾದ ಕಂಪೆನಿ ನಿಂಟೆಂಡೊ. ಅದು 1983ರ ಜುಲೈಯಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮನೆಯ ಟಿ.ವಿ.ಗೆ ಜೋಡಿಸಿ, ಬೇಕಾದ ಆಟದ ಕ್ಯಾಸೆಟ್ ತುರುಕಿ ಆಡುವ ಯಂತ್ರವದು. 1985ರ ಸೆಪ್ಟೆಂಬರಿನಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್' ಬಂತು. ಇಡೀ ಆಟದ ಗಾತ್ರ 40 ಕಿಲೋಬೈಟ್. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ಭಾರ.

ನಮ್ಮ ಪುತ್ತೂರು, ಸುಳ್ಯ, ಆಗಿನ್ನೂ ತಾಲೂಕಾಗಿರದ ಕಡಬ - ಈ ಕಡೆಯ ಮನೆಗಳಿಗೆ ಬಂದದ್ದು ಬಹುಮಟ್ಟಿಗೆ ಆ ಯಂತ್ರವಲ್ಲ, ಅದರ ನಕಲು. ಇದಕ್ಕೆ ಸಾಕ್ಷಿ ಕ್ಯಾಸೆಟ್ಟಿನ ತಳದಲ್ಲೇ ಇದೆ. ನಿಂಟೆಂಡೊ ಅಮೆರಿಕ, ಯುರೋಪುಗಳಿಗೆ ಕಳಿಸಿದ ಯಂತ್ರದ ಕ್ಯಾಸೆಟ್ಟಿಗೆ 72 ಪಿನ್ನುಗಳು, ಜಪಾನಿನದಕ್ಕೆ 60. ನಮ್ಮ ಅಗ್ಗದ ಹಳದಿ, ಕಪ್ಪು ಕ್ಯಾಸೆಟ್ಟುಗಳಲ್ಲೂ 60. ಜಪಾನಿನ ಮೂಲವನ್ನು ನೋಡಿ ತೈವಾನಿನಲ್ಲಿ ನಕಲು ಚಿಪ್ಪುಗಳು ತಯಾರಾದವು. ಮುಂದೆ ಇಡೀ ಯಂತ್ರವೇ ಒಂದು ಚಿಪ್ಪಿನೊಳಗೆ ಅಡಗಿ, ಅದರ ಮೇಲೆ ಕರಿ ಅಂಟಿನ ಬೊಟ್ಟು ಬಿತ್ತು. ಬೆಲೆ ಇಳಿಯಿತು. ಜಪಾನಿನಲ್ಲಿ 1983ರಲ್ಲಿ ಹೊಸದಾಗಿದ್ದ ವಸ್ತು 2000ದ ದಶಕದ ನಡುವಿನಲ್ಲಿ, ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ನಮಗೆ ಹೊಸದಾಗಿಯೇ ಇತ್ತು.

ಇನ್ನು ವೇಗದ ವಿಷಯ. ಜಪಾನಿನ ಟಿ.ವಿ. ಸೆಕೆಂಡಿಗೆ 60 ಬಾರಿ ಚಿತ್ರ ಬಿಡಿಸುತ್ತಿತ್ತು, ಭಾರತದ ಟಿ.ವಿ. 50 ಬಾರಿ. ಒಂದೊಂದು ಚಿತ್ರಕ್ಕೆ ಒಂದೊಂದು ಹೆಜ್ಜೆ ಎಂಬಂತೆ ಬರೆದ ಆಟವದು. ನಮ್ಮ ಟಿ.ವಿ.ಗೆ ಹೊಂದುವಂತೆ ಮಾಡಿದ ನಕಲಿ ಯಂತ್ರದಲ್ಲಿ ಅದೇ ಆಟ ಆರರಲ್ಲಿ ಒಂದು ಪಾಲು ನಿಧಾನವಾಯಿತು. ಜಪಾನಿನ ಮಾರಿಯೋ 60 ಸೆಕೆಂಡಿನಲ್ಲಿ ಓಡಿದ ದೂರಕ್ಕೆ ಪುತ್ತೂರಿನವನಿಗೆ 72 ಸೆಕೆಂಡು ಬೇಕಾಗುತ್ತಿತ್ತು. ಹಾಡೂ ಅಷ್ಟೇ ಎಳೆದುಕೊಂಡು ಬರುತ್ತಿತ್ತು. ಮೊಬೈಲಿನಲ್ಲಿ ಸಿಗುವುದು ಸಾಮಾನ್ಯವಾಗಿ 60ರ ಲೆಕ್ಕದ ಆಟ. ಹೊಂಡ ಹಾರುವ ಹೊತ್ತನ್ನು ಬೆರಳು ಕಲಿತದ್ದು 50ರಲ್ಲಿ. ಬೀಳದೆ ಏನು ಮಾಡುತ್ತಾನೆ!

ಆ ಬೆರಳಿನ ಕಲಿಕೆಯೂ ಸುಲಭದ್ದಾಗಿರಲಿಲ್ಲ. ಏಪ್ರಿಲ್-ಮೇ ರಜೆಯಲ್ಲಿ ಅಜ್ಜನ ಮನೆಗೆ ಹೋದರೆ ಮಧ್ಯಾಹ್ನದ ನಂತರ ಗುಡುಗು. ಮೊದಲ ಸದ್ದಿಗೇ ಒಳಗಿನಿಂದ ಅಜ್ಜಿಯ ಕೂಗು: ಟಿ.ವಿ.ಯ ಪ್ಲಗ್ ತೆಗಿ, ಆಂಟೆನಾದ ವಯರೂ ತೆಗಿ. ಗುಡುಗಿಲ್ಲದ ದಿನ ಕರೆಂಟಿಲ್ಲ, ಕರೆಂಟಿದ್ದರೆ ವೋಲ್ಟೇಜ್ ಇಲ್ಲ. ಆಟವನ್ನು ಉಳಿಸಿಟ್ಟು ಮುಂದುವರಿಸುವ ಸೌಲಭ್ಯ ಆ ಕ್ಯಾಸೆಟ್ಟಿನಲ್ಲಿರಲಿಲ್ಲವಾದ್ದರಿಂದ ಪ್ರತಿಸಲ ಮೊದಲಿನಿಂದ ಶುರು. ಮಳೆಗಾಲದಲ್ಲಿ ಪಿನ್ನುಗಳಿಗೆ ಬೂಸ್ಟು. ಕ್ಯಾಸೆಟ್ಟಿಗೆ ಊದಿದರೆ ಸರಿಯಾಗುತ್ತದೆಂಬ ನಂಬಿಕೆ ಜಪಾನಿನಿಂದ ಸುಳ್ಯದವರೆಗೂ ಇತ್ತು. ನಿಜಕ್ಕೂ ಸರಿಮಾಡುತ್ತಿದ್ದುದು ತೆಗೆದು ಮತ್ತೆ ಹಾಕುವ ಕ್ರಿಯೆ. ಊದಿದ ಉಸಿರಿನ ತೇವ ಲೋಹಕ್ಕೆ ಹಾನಿಯನ್ನೇ ಮಾಡುತ್ತಿತ್ತು.

ಕ್ಯಾಸೆಟ್ಟಿನ ಮೇಲೆ 9999999 ಆಟಗಳೆಂದು ಬರೆದಿರುತ್ತಿತ್ತು. ಇದ್ದದ್ದು ಬೆರಳೆಣಿಕೆಯಷ್ಟು. ಅದೇ ಆಟ ಬೇರೆ ಹಂತದಿಂದ ಶುರುವಾದರೆ ಅದಕ್ಕೊಂದು ಹೊಸ ಸಂಖ್ಯೆ! ಇದನ್ನು ಮೋಸ ಎಂದು ಕರೆಯಲು ನನಗೆ ಈಗಲೂ ಮನಸ್ಸಿಲ್ಲ. ಅಷ್ಟು ಉದ್ದದ ಪಟ್ಟಿಯಲ್ಲಿ ಕೆಳಗೆಲ್ಲೋ ಹೊಸತೊಂದು ಇರಬಹುದೆಂದು ಹುಡುಕುವುದೇ ಒಂದು ಆಟವಾಗಿತ್ತು.

ಟಿ.ವಿ. ಇಲ್ಲದವರಿಗೆ ಜಾತ್ರೆ ಇತ್ತು. ಏಪ್ರಿಲಿನ ಮಹಾಲಿಂಗೇಶ್ವರನ ಜಾತ್ರೆಗೆ ದೇವರಮಾರು ಗದ್ದೆಯಲ್ಲಿ ಸಾಲುಗಟ್ಟುವ ಸಂತೆಯಿಂದ ಕೈಯಲ್ಲಿ ಹಿಡಿಯುವ ಇಟ್ಟಿಗೆಯಾಟ ಮನೆಗೆ ಬರುತ್ತಿತ್ತು. ಅದು 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ರಚಿಸಿದ ಟೆಟ್ರಿಸ್‌ನ ಮರಿ. ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವುದರಿಂದ ಸಿಡಿಲಿಗೂ ಕರೆಂಟಿಗೂ ಅಂಜಬೇಕಾಗಿರಲಿಲ್ಲ.

ಇವುಗಳಲ್ಲಿ ಮೊಬೈಲಿಗೆ ಸರಿಯಾಗಿ ಬರದೇ ಉಳಿದದ್ದು ಬಂದೂಕಿನ ಆಟ. 1984ರ ಬಾತುಕೋಳಿ ಬೇಟೆಯಲ್ಲಿ ಬಂದೂಕಿನಿಂದ ಏನೂ ಹಾರುವುದಿಲ್ಲ. ಬದಲಿಗೆ ಅದು ಬೆಳಕನ್ನು ನೋಡುತ್ತದೆ. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಹಕ್ಕಿಯಿದ್ದ ಜಾಗ ಮಾತ್ರ ಬೆಳ್ಳಗೆ ಮಿನುಗುತ್ತದೆ. ಆ ಬಿಳುಪು ಬಂದೂಕಿನ ಕಣ್ಣಿಗೆ ಬಿದ್ದರೆ ಗುರಿ ಸರಿ. ಟ್ಯೂಬ್ ಟಿ.ವಿ.ಯ ಬೆಳಕು ಮೂಡುವ ಕ್ರಮಕ್ಕೆ, ಹೊತ್ತಿಗೆ ಹೊಂದಿಸಿ ಮಾಡಿದ ಉಪಾಯವಿದು. ಇಂದಿನ ಚಪ್ಪಟೆ ಟಿ.ವಿ.ಯ ಮುಂದೆ ಆ ಬಂದೂಕು ಕುರುಡು.

ಟ್ಯೂಬ್ ಟಿ.ವಿ.ಗಳು ಒಂದೊಂದಾಗಿ ಗುಜರಿ ಸೇರುತ್ತಿವೆ. ನಿಮ್ಮ ಮನೆಯಲ್ಲಿ ಒಂದು ಇನ್ನೂ ಉಳಿದಿದ್ದರೆ, ಕೊಡುವ ಮೊದಲು ಅಟ್ಟ ಹತ್ತಿ ಹಳೆಯ ಪೆಟ್ಟಿಗೆಗಳನ್ನು ನೋಡಿ. ಅಡಾಪ್ಟರ್ ಸುಟ್ಟಿರಬಹುದು, ಅಂಗಡಿಯಲ್ಲಿ ಬೇರೆ ಸಿಗುತ್ತದೆ. ಕ್ಯಾಸೆಟ್ಟಿಗೆ ಮಾತ್ರ ಊದಬೇಡಿ.